ಶಾಂತಿಗೆ, ಶಾಂತಿಯಲ್ಲಿ

ನನ್ನ ಭಾವ ಸಮಾಧಿ ಕಲ್ಲು ಕೆತ್ತುವವರು. ಮದುವೆಯ ಮಾತುಕತೆಗೆ ಬಂದ ದಿನ, ಹುಡುಗ ಚರ್ಚಿನ ಶಾಲೆಯಲ್ಲಿ ಹತ್ತು ವರ್ಷ ಲ್ಯಾಟಿನ್ ಓದಿದ್ದಾನೆಂದು ತಿಳಿದು ನಮ್ಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಸತ್ತ ಭಾಷೆ ಕಲಿತು ಸತ್ತವರ ಹತ್ತಿರವೇ ಕೆಲಸ ಹಿಡಿದಿದ್ದೀಯ. ಓದಿಗೆ ತಕ್ಕ ಉದ್ಯೋಗ" ಎಂದರು. ಭಾವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಹೌದು ಸರ್, ಅವರ್ಯಾರೂ ಇದುವರೆಗೆ ತಕರಾರು ಮಾಡಿಲ್ಲ" ಎಂದರು. ಅಡುಗೆಮನೆಯಲ್ಲಿದ್ದ ನಮ್ಮಕ್ಕ ನಕ್ಕಿದ್ದು ಹೊರಗೂ ಕೇಳಿಸಿತು. ಮದುವೆ ಅಲ್ಲಿಗೇ ನಿಶ್ಚಯವಾಯಿತು ಎಂದು ನನ್ನ ಲೆಕ್ಕ.

ಭಾವನ ಕೆಲಸದ ಶೆಡ್ಡು ಚರ್ಚಿನ ಸ್ಮಶಾನದ ಗೋಡೆಗೆ ಒರಗಿಕೊಂಡಿದೆ. ಮೇಲೆ ತಗಡು, ಕೆಳಗೆ ಮರದ ದಿಮ್ಮಿಗಳ ಮೇಲೆ ಮಲಗಿಸಿದ ಕಲ್ಲುಗಳು, ಕಿಟಕಿಯ ಪಕ್ಕ ಗಾತ್ರದ ಪ್ರಕಾರ ನಿಲ್ಲಿಸಿದ ಉಳಿಗಳು. ಭಾವನ ಹುಬ್ಬಿನ ಮೇಲೆ ಸದಾ ಕಲ್ಲಿನ ಪುಡಿ ಕೂತಿರುವುದರಿಂದ ಇಪ್ಪತ್ತೈದನೇ ವಯಸ್ಸಿಗೇ ಮುದುಕರಾಗಿ ಕಾಣುತ್ತಿದ್ದರು. ಈಗ ಮೂವತ್ತೇಳು, ಹಾಗೇ ಕಾಣುತ್ತಾರೆ. ಅದೊಂದು ಲಾಭ. ಕೈ ಚುರುಕು. ಆದರೂ ನಾಲ್ಕು ಪದದ ಕಲ್ಲಿಗೆ ಎರಡು ದಿನ ಹಿಡಿಯುತ್ತದೆ, ಏಕೆಂದರೆ ಅದರಲ್ಲಿ ಒಂದೂವರೆ ದಿನ ಪದ ಹುಡುಕುವುದಕ್ಕೇ ಹೋಗುತ್ತದೆ. ಒಮ್ಮೆ ಒಬ್ಬ ಅಜ್ಜಿ ಬದುಕಿರುವಾಗಲೇ ತನ್ನ ಕಲ್ಲು ಮಾಡಿಸಲು ಬಂದು, ಹುಟ್ಟಿದ ವರ್ಷವನ್ನು ಹತ್ತು ವರ್ಷ ಈಚೆಗೆ ಹಾಕು ಎಂದರು. ಭಾವ ಆಗುವುದಿಲ್ಲ ಎಂದರು. "ಸತ್ತಮೇಲಾದರೂ ಚಿಕ್ಕವಳಾಗಿರ್ತೀನಿ, ನಿಂದೇನು ಹೋಗುತ್ತೆ?" ಎಂದು ಅಜ್ಜಿ ಜಗಳಕ್ಕೆ ನಿಂತರು. ಮೂರು ಲೋಟ ಚಹಾ ಮುಗಿಯುವಷ್ಟರಲ್ಲಿ, ಸುಳ್ಳು ವರ್ಷ ಹಾಕುವುದಕ್ಕಿಂತ ವರ್ಷವನ್ನೇ ಹಾಕದಿರುವುದು ಎಂದು ಒಪ್ಪಂದವಾಯಿತು. ಅಜ್ಜಿ ಖುಷಿಯಾಗಿ ಹೋದರು.

ನಾನು ಜೆರಾಕ್ಸ್ ಅಂಗಡಿಯವಳು. ತಪ್ಪನ್ನೂ ಸರಿಯನ್ನೂ ಒಂದೇ ನಿಯತ್ತಿನಿಂದ ಹೊರಗೆ ಕಳಿಸುವುದು ನನ್ನ ಕೆಲಸ. ಹಾಗಾಗಿ ಭಾವನ ಈ ಹಟ ಎಲ್ಲಿಂದ ಬಂತೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಅದರ ಮೂಲ ಅವರಪ್ಪ. ಅವರೂ ಇದೇ ಶೆಡ್ಡಿನಲ್ಲಿ ಕಲ್ಲು ಕೆತ್ತುತ್ತಿದ್ದರು, ಆದರೆ ಓದು ಬರುತ್ತಿರಲಿಲ್ಲ. ಜನ ಕಾಗದದಲ್ಲಿ ಬರೆದು ತಂದದ್ದನ್ನು ಚಿತ್ರ ನೋಡಿ ಬರೆದಂತೆ ಅಕ್ಷರಕ್ಕೆ ಅಕ್ಷರ ಕೆತ್ತಿಕೊಡುತ್ತಿದ್ದರು. ಒಂದು ಮನೆಯವರು ಹೆಸರು, ತಾರೀಖು ಬರೆದು ಕೊನೆಗೆ ಅವಸರಕ್ಕೆಂದು "ಬೇಗ ಬೇಕು" ಎಂದೂ ಬರೆದಿದ್ದರು. ಭಾವನ ಅಪ್ಪ ಅದನ್ನೂ ಕೆತ್ತಿದರು, ಎಲ್ಲಕ್ಕಿಂತ ಚೆನ್ನಾಗಿ, ಸುತ್ತ ಎಲೆಬಳ್ಳಿ ಹಾಕಿ. ಕಲ್ಲು ನಿಲ್ಲಿಸಿದ ದಿನ ಒಬ್ಬ ಗೃಹಸ್ಥರ ತಲೆಯ ಮೇಲೆ "ಬೇಗ ಬೇಕು" ಎಂದಿತ್ತು. ಅಷ್ಟೂ ಜನ ಅಳುವುದನ್ನು ಬಿಟ್ಟು ನಕ್ಕರು. ಭಾವನ ಅಪ್ಪ ಮಾರನೇ ದಿನ ಸ್ನಾನ ಮಾಡಿ, ತೊಳೆದ ಅಂಗಿ ಹಾಕಿಕೊಂಡು, ಏಳು ವರ್ಷದ ಮಗನನ್ನು ಚರ್ಚಿನ ಹಿಂದಿನ ಶಾಲೆಗೆ ಕರೆದುಕೊಂಡು ಹೋದರು. "ಇವನನ್ನ ಏನು ಮಾಡಬೇಕು ಅಂತ ಆಸೆ?" ಎಂದು ಮೇಷ್ಟ್ರು ಕೇಳಿದರು.

"ಕಲ್ಲು ಕುಟ್ಟೋನೇ ಆಗಲಿ ಸ್ವಾಮಿ. ಆದರೆ ಏನು ಕುಟ್ತಿದ್ದೀನಿ ಅನ್ನೋದು ಗೊತ್ತಿರಲಿ."

ಆ ಶಾಲೆಗೆ ಐದು ಕೋಣೆ, ಒಂದು ಬಾವಿ, ಮತ್ತೆ ಈ ಮೇಷ್ಟ್ರು. ಬೆಳಿಗ್ಗೆ ಪ್ರಾರ್ಥನೆ, ಕೀರ್ತನೆಗಳ ಬಾಯಿಪಾಠ, ಆಮೇಲೆ ಪಾಠ. ಮೊದಲು ಕಿವಿ, ಆಮೇಲೆ ತಲೆ, ಆಮೇಲೆ ನಾಲಿಗೆ ಎಂಬುದು ಅಲ್ಲಿನ ಕ್ರಮ. ಚಿಕ್ಕ ಮಕ್ಕಳು ಕೇಳಿ ಕೇಳಿ ಬಾಯಿಪಾಠ ಮಾಡುತ್ತಾರೆ, ಹಾಡುತ್ತಾರೆ. ಸ್ವಲ್ಪ ದೊಡ್ಡವರಾದ ಮೇಲೆ ವಾದ ಮಾಡಲು ಕಲಿಸುತ್ತಾರೆ: ಈ ಮಾತಿನಿಂದ ಆ ಮಾತು ಹೇಗೆ ಬಂತು, ನಡುವೆ ಎಲ್ಲಿ ಕಾಲು ಜಾರಿತು ಎಂದು. ಕೊನೆಯ ವರ್ಷಗಳಲ್ಲಿ ಮಾತ್ರ ಎದ್ದು ನಿಂತು ಚೆನ್ನಾಗಿ ಮಾತಾಡುವುದನ್ನು ಕಲಿಸುತ್ತಾರೆ. ನಾಲಿಗೆ ಕೊನೆಗೆ ಯಾಕೆ ಎಂದು ನಾನೊಮ್ಮೆ ಭಾವನನ್ನು ಕೇಳಿದೆ. "ಮೊದಲೇ ಬಿಟ್ಟರೆ ನಿನ್ನ ಥರ ಆಗ್ತಾರಮ್ಮ" ಎಂದರು.

ಲ್ಯಾಟಿನ್ನನ್ನು ಮೇಷ್ಟ್ರು ನಮ್ಮ ಮಾತಿನ ವಿಭಕ್ತಿಯಿಂದಲೇ ಶುರು ಮಾಡುತ್ತಿದ್ದರು. ಮನೆ, ಮನೆಯನ್ನು, ಮನೆಯಿಂದ, ಮನೆಗೆ, ಮನೆಯ, ಮನೆಯಲ್ಲಿ. "ಮನೆಗೆ ಹೋಗೋನು ಬೇರೆ, ಮನೆಯಲ್ಲಿ ಇರೋನು ಬೇರೆ. ಒಬ್ಬ ಇನ್ನೂ ದಾರಿಲಿದ್ದಾನೆ, ಇನ್ನೊಬ್ಬ ಊಟಕ್ಕೆ ಕೂತಿದ್ದಾನೆ. ಇಬ್ಬರನ್ನೂ ಒಂದೇ ಮಾಡಿದರೆ ಒಬ್ಬನಿಗೆ ಉಪವಾಸ" ಎನ್ನುತ್ತಿದ್ದರಂತೆ. ಪದದ ಬಾಲ ತಪ್ಪಿದವನು ಅದನ್ನು ಇಪ್ಪತ್ತು ಸಲ ಬರೆಯಬೇಕು. ಬರೆದು ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಆಗ ಮೇಷ್ಟ್ರ ಹೆಂಡತಿ ಒಳಗಿನಿಂದ ತಟ್ಟೆ ತಂದು ಮುಂದಿಡುತ್ತಿದ್ದರು. ಭಾವ ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಹೆತ್ತ ತಾಯಿ ಅವರಿಗೆ ನೆನಪೂ ಇಲ್ಲ.

ಇಂಥ ಓದು ಓದಿದ ಗಂಡನೊಂದಿಗೆ ಸಂಸಾರ ಮಾಡುವುದು ಸುಲಭವಲ್ಲ, ಅದು ನಮ್ಮಕ್ಕನಿಗೇ ಗೊತ್ತು. "ನೀವು ಯಾವಾಗಲೂ ಲೇಟು" ಎಂದು ಆಕೆ ರೇಗಿದರೆ, "ಯಾವಾಗಲೂ ಅನ್ನಬೇಡ. ಒಂದು ದಿನ ಬೇಗ ಬಂದಿದ್ದರೂ ನಿನ್ನ ಮಾತು ಬಿದ್ದುಹೋಗುತ್ತೆ" ಎಂದು ಬರುತ್ತದೆ ಉತ್ತರ. ಒಮ್ಮೆ ಯಂತ್ರದಲ್ಲಿ ಅಕ್ಷರ ಕೊರೆಯುವ ದೊಡ್ಡ ಕಾರ್ಖಾನೆಯವರು ಕರೆದು ಮೇಲ್ವಿಚಾರಕನ ಕೆಲಸ ಕೊಟ್ಟರು. ಮೊದಲ ದಿನವೇ ಭಾವ ಎಲ್ಲರೆದುರು, ಮಾಲೀಕರು ತಮ್ಮ ತಂದೆಗೆ ನಿಲ್ಲಿಸಿದ ಕಲ್ಲಿನಲ್ಲಿ ಕಾಗುಣಿತ ತಪ್ಪಿದೆ ಎಂದರು. ಎರಡನೇ ದಿನ ಶೆಡ್ಡಿಗೆ ವಾಪಸ್ಸು ಬಂದರು. ಅಕ್ಕ ಒಂದು ವಾರ ಮಾತು ಬಿಟ್ಟಳು. ಎಂಟನೇ ದಿನ, "ತಪ್ಪು ಇತ್ತಾ ನಿಜವಾಗಲೂ?" ಎಂದು ಕೇಳಿದಳು. "ಎರಡಿತ್ತು. ಒಂದೇ ಹೇಳಿದೆ" ಎಂದರು ಭಾವ.

ಇವರ ಮಗಳಿಗೆ ನಾವು ಇಟ್ಟ ಹೆಸರು ಯಾಕಮ್ಮ. ಮಾತು ಬಂದಾಗಿನಿಂದ ಆಕೆಯ ಬಾಯಲ್ಲಿ ಯಾಕೆ ಬಿಟ್ಟರೆ ಬೇರೆ ಇಲ್ಲ. ಅವಳಿಗೆ ಎಂಟು ತುಂಬಿದಾಗ ಮನೆಯಲ್ಲಿ ಯುದ್ಧ ಶುರುವಾಯಿತು. ಭಾವನಿಗೆ ಮೇಷ್ಟ್ರ ಶಾಲೆ ಬೇಕು. ಅಕ್ಕನಿಗೆ ಹೊಸ ಬಡಾವಣೆಯ ಮೂರು ಮಹಡಿಯ ಶಾಲೆ ಬೇಕು. ಅಲ್ಲಿ ಕಂಪ್ಯೂಟರ್ ಕೋಣೆ ಇದೆ, ಈಜುಕೊಳ ಇದೆ. ಆದರೆ ಅಕ್ಕನಿಗೆ ಈಜುಕೊಳದ ಚಿಂತೆ ಇರಲಿಲ್ಲ. ಬಟ್ಟೆ ಮಡಚುತ್ತಾ ನನ್ನ ಹತ್ತಿರ ಮಾತ್ರ ಹೇಳಿದಳು: "ಅವಳೂ ಇವರ ಹಾಗೇ ಆಗಿಬಿಟ್ಟರೆ ಏನು ಗತಿ? ಇವರಿಗೆ ನಾನಿದ್ದೀನಿ. ಅವಳಿಗೆ ಯಾರಿರ್ತಾರೆ?"

ಕೊನೆಗೆ ಒಪ್ಪಂದವಾಯಿತು. ಒಂದು ವರ್ಷ ಮೇಷ್ಟ್ರ ಶಾಲೆ. ವರ್ಷ ಮುಗಿದ ಮೇಲೆ ಅಕ್ಕ ಹೇಳಿದ್ದೇ ಅಂತಿಮ, ಭಾವ ಒಂದು ಮಾತೂ ಆಡಬಾರದು. ಸೇರಿಸುವ ದಿನ ಅಕ್ಕ ಮೇಷ್ಟ್ರನ್ನು ನೇರವಾಗಿ ಕೇಳಿದಳು, "ಇಲ್ಲಿ ಓದಿದರೆ ಏನಾಗ್ತಾರೆ?"

"ಏನು ಬೇಕಾದರೂ ಆಗಲಿ. ದೇವರ ಮುಂದೆ ನಿಲ್ಲೋ ದಿನ ತಲೆ ತಗ್ಗಿಸದ ಹಾಗಿದ್ದರೆ ಸಾಕು."

"ಅದಕ್ಕೆ ಇನ್ನೂ ತುಂಬಾ ವರ್ಷ ಇದೆ ಮೇಷ್ಟ್ರೇ. ಅಲ್ಲೀವರೆಗೆ?"

ಮೇಷ್ಟ್ರು ನಕ್ಕರು. ಆ ವರ್ಷ ಕಳೆಯಿತು. ಯಾಕಮ್ಮನಿಗೆ ಕೀರ್ತನೆಗಳು ಬಂದವು, ವಿಭಕ್ತಿಗಳು ಬಂದವು, ಒಂದಿಷ್ಟು ಲ್ಯಾಟಿನ್ ಬಂತು. ಅಕ್ಕ ಮೂರು ಮಹಡಿಯ ಶಾಲೆಯ ಅರ್ಜಿಯನ್ನು ತುಂಬಿಸಿ, ನನ್ನ ಅಂಗಡಿಯಲ್ಲೇ ಎರಡು ಪ್ರತಿ ತೆಗೆಸಿ, ಚೀಲದಲ್ಲಿಟ್ಟುಕೊಂಡಳು. ಸೋಮವಾರ ಕೊನೆಯ ದಿನ. ಭಾವ ಮಾತು ಕೊಟ್ಟಂತೆ ತುಟಿ ಬಿಚ್ಚಲಿಲ್ಲ. ಊಟ ಮಾತ್ರ ಅರ್ಧ ಮಾಡುತ್ತಿದ್ದರು.

ಅದರ ಹಿಂದಿನ ದಿನ, ಭಾನುವಾರ, ಆರಾಧನೆ ಮುಗಿಸಿ ಭಾವನ ಅಪ್ಪನ ಸಮಾಧಿಗೆ ಹೂವಿಡಲು ಹೋದೆವು. ನಾವು ಹೂವಿಡುತ್ತಿದ್ದಾಗ ಯಾಕಮ್ಮ ಸಾಲಿನಿಂದ ಸಾಲಿಗೆ ಕಲ್ಲು ಓದಿಕೊಂಡು ಹೋಗುತ್ತಿದ್ದಳು. ಗೋಡೆಯ ಪಕ್ಕದ ಸಾಲಿನಿಂದ ಕೂಗಿದಳು.

"ಅಪ್ಪಾ, ಇಲ್ಲಿ ಬಾ. ಈ ಕಲ್ಲಲ್ಲಿ ತಪ್ಪಿದೆ."

ಆ ಸಾಲಿಗೆ ಭಾವ ಹೋಗುವುದೇ ಇಲ್ಲ. ಅಲ್ಲಿರುವುದು ಅವರು ಹತ್ತೊಂಬತ್ತರ ವಯಸ್ಸಿನಲ್ಲಿ ಕೆತ್ತಿದ ಮೊಟ್ಟಮೊದಲ ಕಲ್ಲು, ಮೇಷ್ಟ್ರ ಹೆಂಡತಿಯದು. ಅಕ್ಷರಗಳು ಏರುಪೇರಾಗಿವೆ, ನೋಡಿದರೆ ನಾಚಿಕೆಯಾಗುತ್ತದೆ ಎನ್ನುತ್ತಿದ್ದರು. ಈಗ ಹೋದರು. ನಾವೂ ಹೋದೆವು.

ಯಾಕಮ್ಮ ಬೆರಳಿಟ್ಟು ಓದಿದಳು. "ಇನ್ ಪಾಚೆಮ್ ಅಂತ ಇದೆ. ಇನ್ ಪಾಚೆ ಅಲ್ವಾ ಬರಬೇಕಾದ್ದು? ಪಾಚೆ ಅಂದರೆ ಶಾಂತಿಯಲ್ಲಿ. ಪಾಚೆಮ್ ಅಂದರೆ ಶಾಂತಿಗೆ. ಶಾಂತಿಯಲ್ಲಿ ಮಲಗಲಿ ಅನ್ನಬೇಕು. ಶಾಂತಿಗೆ ಮಲಗಲಿ ಅಂತಾರಾ ಯಾರಾದರೂ? ಯಾರಪ್ಪ ಇದನ್ನ ಮಾಡಿದ್ದು?"

ಭಾವ ಕಲ್ಲಿನ ಮುಂದೆ ಮೊಣಕಾಲೂರಿ ಕೂತುಬಿಟ್ಟರು. ಕೊನೆಯ ಆ ಎಮ್ ಅಕ್ಷರದ ಮೇಲೆ ಹೆಬ್ಬೆರಳನ್ನು ಎರಡು ಸಲ ಆಡಿಸಿದರು. ಆಮೇಲೆ, "ನಾನೇ" ಎಂದರು.

ಮೊದಲು ನಕ್ಕವಳು ಅಕ್ಕ. ಊರಿನ ತಪ್ಪೆಲ್ಲ ಹೆಕ್ಕುವ ಗಂಡ ಸ್ವಂತ ಮಗಳ ಕೈಗೇ ಸಿಕ್ಕಿಬಿದ್ದರೆ ಯಾವ ಹೆಂಡತಿ ನಗುವುದಿಲ್ಲ? ಅವರ ಮುಖ ನೋಡಿದ ಮೇಲೆ ನಿಲ್ಲಿಸಿದಳು. ಭಾವ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: "ಬರೆದು ಕೊಡಲಾ ಅಂತ ಕೇಳಿದರು. ಬೇಡ ಮೇಷ್ಟ್ರೇ, ನನಗೆ ಗೊತ್ತು ಅಂದೆ."

"ಹದಿನೆಂಟು ವರ್ಷದಿಂದ ಯಾರೂ ಗಮನಿಸಿಲ್ಲ" ಎಂದಳು ಅಕ್ಕ. "ಪಾದ್ರಿಗಳು ಪುಸ್ತಕ ನೋಡ್ತಾರೆ, ಕಲ್ಲು ನೋಡಲ್ಲ. ಮೇಷ್ಟ್ರಿಗೆ ಈಗ ಕಣ್ಣೂ ಕಾಣಲ್ಲ. ಆ ಅಕ್ಷರಾನ ಒಂದು ಹೂವು ಮಾಡಿಬಿಡಿ. ಎಲ್ಲರೂ ಹಾಗೇ ತಾನೇ ಮಾಡೋದು?"

ಕಲ್ಲಿನ ಕೆಲಸದಲ್ಲಿ ಅದು ನಿಜ. ಕೆತ್ತಿದ್ದನ್ನು ಅಳಿಸಲಾಗುವುದಿಲ್ಲ, ಆದ್ದರಿಂದ ತಪ್ಪಿದ ಅಕ್ಷರವನ್ನು ಇನ್ನಷ್ಟು ಕೆತ್ತಿ ಹೂವೋ ಎಲೆಯೋ ಮಾಡುತ್ತಾರೆ. ಹಳೆಯ ಕಲ್ಲಿನಲ್ಲಿ ಸಾಲಿನ ಕೊನೆಗೆ ಒಂಟಿ ಹೂವು ಕಂಡರೆ ಭಾವ, "ಇಲ್ಲಿ ಯಾರೋ ಜಾರಿದ್ದಾರೆ" ಎನ್ನುತ್ತಿದ್ದರು.

"ತಿದ್ದೋದು ಆಮೇಲೆ. ಮೊದಲು ಹೇಳಬೇಕು" ಎಂದು ಭಾವ ಎದ್ದರು.

"ಎಂಬತ್ತು ವರ್ಷದವರ ಮನಸ್ಸು ನೋಯಿಸಿ ಏನು ಸಿಗುತ್ತೆ ರೀ? ಅವರು ಆ ಕಲ್ಲನ್ನ ಎಷ್ಟು ಅಭಿಮಾನದಿಂದ ನೋಡ್ಕೊಂಡಿದ್ದಾರೆ."

ವಾದದಲ್ಲಿ ಭಾವ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಗೇಟಿನ ಕಡೆ ನಡೆದರು. ಅಕ್ಕ ಚೀಲವನ್ನು ಹೆಗಲಿಗೇರಿಸಿ, "ಇವರನ್ನ ಒಬ್ಬರೇ ಬಿಟ್ಟರೆ ಅಲ್ಲಿ ಅತ್ತುಬಿಡ್ತಾರೆ" ಎಂದು ಹಿಂದೆ ಹೊರಟಳು. ನಾನೂ ಯಾಕಮ್ಮನೂ ಬಾಲಂಗೋಚಿಗಳು.

ಮೇಷ್ಟ್ರ ಮನೆ ಶಾಲೆಯ ಪಕ್ಕದ ಎರಡು ಕೋಣೆ. ಒಂದರಲ್ಲಿ ಪುಸ್ತಕ, ಒಂದರಲ್ಲಿ ಮಂಚ ಮತ್ತು ಅದರ ಮೇಲೂ ಪುಸ್ತಕ. ಮೇಷ್ಟ್ರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ನಾವು ಒಳಗೆ ಬರುತ್ತಿದ್ದಂತೆ, "ಕಲ್ಲಿನ ಪುಡಿ ವಾಸನೆ ಬಂತು. ಕೂತ್ಕೊಳೋ" ಎಂದರು. ಭಾವ ಕೂರಲಿಲ್ಲ. ತರಗತಿಯಲ್ಲಿ ಪಾಠ ಒಪ್ಪಿಸುವ ಹಾಗೆ ಕೈಕಟ್ಟಿ ನಿಂತರು.

"ಮೇಷ್ಟ್ರೇ, ಅಮ್ಮನ ಕಲ್ಲಲ್ಲಿ ತಪ್ಪಿದೆ. ಹದಿನೆಂಟು ವರ್ಷದಿಂದ ಇದೆ. ನಾನು ಮಾಡಿದ್ದು."

"ಎಮ್ ತಾನೇ?" ಎಂದರು ಮೇಷ್ಟ್ರು.

ಭಾವ ತಡವರಿಸಿ, "ನಿಮಗೆ ಗೊತ್ತಿತ್ತಾ?" ಎಂದರು.

"ನಿಲ್ಲಿಸಿದ ದಿನಾನೇ ನೋಡಿದೆ. ಆಗ ಕಣ್ಣು ಚೆನ್ನಾಗಿತ್ತು."

"ಮತ್ಯಾಕೆ ಹೇಳಲಿಲ್ಲ? ಒಂದು ಬಾಲ ತಪ್ಪಿದರೆ ಇಪ್ಪತ್ತು ಸಲ ಬರೆಸ್ತಿದ್ರಿ."

"ಕಲ್ಲಿನ ಮೇಲೆ ಇಪ್ಪತ್ತು ಸಲ ಬರೆಸೋಕಾಗುತ್ತೇನೋ?" ಎಂದರು ಮೇಷ್ಟ್ರು. "ಅವತ್ತು ನೀನು ಬೊಬ್ಬೆ ಎದ್ದ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ನನಗಿಂತ ಜೋರಾಗಿ ಅಳ್ತಾ ನಿಂತಿದ್ದೆ. ಅಂಥೋನಿಗೆ ವ್ಯಾಕರಣ ಹೇಳೋದಕ್ಕೆ ನನಗೆ ಬಾಯಿ ಬರಲಿಲ್ಲ ಕಣೋ. ಆಮೇಲೆ ಹೇಳೋಣ ಅಂದ್ಕೊಂಡೆ. ವಾರ ವಾರ ಹೋಗಿ ಓದ್ತಾ ಓದ್ತಾ ಅದೇ ಹಿತವಾಯ್ತು. ಶಾಂತಿಗೆ ಅಂದರೆ ಇನ್ನೂ ದಾರಿಲಿದ್ದಾಳೆ, ಬಹಳ ದೂರ ಹೋಗಿಲ್ಲ ಅನ್ನಿಸೋದು. ನಿನ್ನ ತಪ್ಪನ್ನ ನಾನು ನನಗೋಸ್ಕರ ಇಟ್ಟುಕೊಂಡೆ. ಮೇಷ್ಟ್ರು ಮಾಡೋ ಕೆಲಸ ಅಲ್ಲ ಅದು. ಯಾರು ಹಿಡಿದಿದ್ದು?"

"ನಾನು" ಎಂದಳು ಯಾಕಮ್ಮ, ನನ್ನ ಸೆರಗಿನ ಹಿಂದಿನಿಂದ.

ಮೇಷ್ಟ್ರು ಅವಳನ್ನು ಹತ್ತಿರ ಕರೆದು ಮೊದಲಿನಿಂದ ಹೇಳಿಸಿದರು. ಅವಳು "ಶಾಂತಿಗೆ, ಶಾಂತಿಯಲ್ಲಿ" ಎಂದು ಬೆರಳು ಮಡಚಿ ಒಪ್ಪಿಸಿದಳು. ಕೇಳುತ್ತಾ ಮೇಷ್ಟ್ರ ಕಣ್ಣಿನಲ್ಲಿ ನೀರು ಇಳಿಯಿತು. ಅವರು ಒರೆಸಿಕೊಳ್ಳಲಿಲ್ಲ. "ಹಾಗಾದರೆ ತಿದ್ದಬೇಕಾ, ಬೇಡವಾ?" ಎಂದು ಕೇಳಿದರು.

ತಿದ್ದಬೇಕು ಎನ್ನುತ್ತಾಳೆಂದು ನಾವೆಲ್ಲ ಕಾದೆವು. ಅವಳು ಯೋಚಿಸಿ ಕೇಳಿದ್ದು ಬೇರೆ. "ಅಜ್ಜಿಗೆ ಯಾವುದು ಇಷ್ಟ ಆಗ್ತಿತ್ತು? ಅಜ್ಜಿಗೆ ಲ್ಯಾಟಿನ್ ಬರ್ತಿತ್ತಾ?"

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. "ಬರ್ತಿರಲಿಲ್ಲ" ಎಂದರು. "ನಮ್ಮ ಮಾತಲ್ಲೇ ಬರೆಸಿ, ದಾರಿಹೋಕರಿಗೂ ತಿಳೀಲಿ ಅಂದಿದ್ದಳು. ನಾನು ಕೇಳಲಿಲ್ಲ. ಲ್ಯಾಟಿನ್ ಇದ್ದರೇ ಗೌರವ ಅಂತ ಹಟ ಹಿಡಿದೆ. ಎಮ್ ಇವನ ತಪ್ಪು ಮಗೂ. ಉಳಿದ ಅಕ್ಷರ ಪೂರ್ತಿ ನನ್ನ ತಪ್ಪು. ಇದನ್ನ ನಾನು ಯಾರ ಹತ್ತಿರಾನೂ ಹೇಳಿರಲಿಲ್ಲ."

ಭಾವ ಈಗ ಕೂತರು, ಕುರ್ಚಿಯ ಪಕ್ಕ ನೆಲದ ಮೇಲೆ. ಇಡೀ ಕಲ್ಲಿನ ಮೇಲ್ಮೈಯನ್ನು ಒಂದು ಬೆರಳಿನಷ್ಟು ಕೆಳಗಿಳಿಸಿ ಹೊಸದಾಗಿ ಕೆತ್ತುತ್ತೇನೆ, ಹೂವು ಗೀವು ಬೇಡ ಎಂದರು. ಮುಂದೆ ಮೂರು ವಾರ ಹಿಡಿದ ಕೆಲಸ ಅದು. ಹಾಗಾದರೆ ನಮ್ಮ ಮಾತಿನಲ್ಲಿ ಏನು ಬರೆಯುವುದು? ಮೇಷ್ಟ್ರು ಒಂದು ಹೇಳಿದರು, ಭಾವ ಒಪ್ಪಲಿಲ್ಲ. ಭಾವ ಒಂದು ಹೇಳಿದರು, ಮೇಷ್ಟ್ರು ಅದರಲ್ಲಿ ಎರಡು ದೋಷ ಹಿಡಿದರು. ಇಬ್ಬರೂ ನಮ್ಮನ್ನು ಮರೆತೇ ಬಿಟ್ಟರು. ಅಕ್ಕ ಸ್ವಲ್ಪ ಹೊತ್ತು ತಡೆದುಕೊಂಡಳು.

"ಎರಡನ್ನೂ ಹಾಕಿ" ಎಂದಳು. "ಶಾಂತಿಗೆ ಹೋದಳು, ಶಾಂತಿಯಲ್ಲಿದ್ದಾಳೆ. ಹೋಗದೆ ಅಲ್ಲಿರೋಕೆ ಹೇಗಾಗುತ್ತೆ?"

ಇಬ್ಬರೂ ವಾದ ನಿಲ್ಲಿಸಿದರು. ಮೇಷ್ಟ್ರು ಆ ಸಾಲನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, "ಈ ಹುಡುಗಿ ಯಾವ ಶಾಲೇಲಿ ಓದಿದ್ದು?" ಎಂದು ಕೇಳಿದರು.

"ಯಾವುದಾದರೇನು ಮೇಷ್ಟ್ರೇ, ಎಂಟನೇ ಕ್ಲಾಸು. ಎರಡು ಸಲ" ಎಂದಳು ಅಕ್ಕ.

ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ಯಾಕಮ್ಮ ಅಪ್ಪನ ಕೈ ಜಗ್ಗಿ, "ನಾನು ಹೇಳಿದ್ದು ನಿನಗೆ ಬೇಜಾರಾಯ್ತಾ?" ಎಂದು ಮೆಲ್ಲಗೆ ಕೇಳಿದಳು.

"ಆಯ್ತು" ಎಂದರು ಭಾವ. "ಆದರೂ ಇನ್ನೊಂದು ಸಲ ಕಂಡರೆ ಹೇಳು."

ಅಕ್ಕ ಅದನ್ನು ಕೇಳಿಸಿಕೊಂಡಳು. ನಾನು ಅವಳ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಒಳಗಿನಿಂದ ಕೂಗಿ, ಮುಂದಿನ ವರ್ಷವೂ ಮಗು ನಮ್ಮಲ್ಲೇ ಇರುತ್ತದೆಯೇ ಎಂದು ಕೇಳಿದರು. ಭಾವ ಮಾತು ಕೊಟ್ಟಿದ್ದವರು, ನೆಲ ನೋಡುತ್ತಾ ನಿಂತರು.

ಅಕ್ಕ ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ಹೋದಳು.

"ಇರ್ತಾಳೆ ಮೇಷ್ಟ್ರೇ. ಎಲ್ಲಿ ಇವರ ಹಾಗೇ ಆಗಿಬಿಡ್ತಾಳೋ ಅಂತ ವರ್ಷಪೂರ್ತಿ ಹೆದರಿದ್ದೆ" ಎಂದಳು. ಹೆಗಲಿನ ಚೀಲ ಸರಿಮಾಡಿಕೊಂಡಳು. "ಇವರ ಹಾಗೇ ಆಗಲಿ."

ಹನ್ನೆರಡು ವರ್ಷದ ಸಂಸಾರದಲ್ಲಿ ಆ ಮಾತನ್ನು ಭಾವ ಕೇಳಿದ್ದು ಅದೇ ಮೊದಲು. ಕಿವಿ, ತಲೆ, ನಾಲಿಗೆ ಮೂರನ್ನೂ ಪಳಗಿಸಿಕೊಂಡಿದ್ದ ಮನುಷ್ಯನಿಗೆ ಒಂದು ಪದವೂ ಸಿಗಲಿಲ್ಲ. ಹೆಂಡತಿಯ ಹೆಗಲಿನಿಂದ ಚೀಲ ತೆಗೆದು ತಾವೇ ಹಾಕಿಕೊಂಡು, ಬೀದಿಗಿಳಿದು, ಮನೆಗೆ ಹೋಗುವ ದಾರಿ ಬಿಟ್ಟು ಬೇರೆಯದೇ ದಿಕ್ಕಿಗೆ ನಡೆಯತೊಡಗಿದರು. ನಾವು ಮೂವರೂ ಕರೆಯಲಿಲ್ಲ, ಹಿಂದೆಯೇ ಹೋದೆವು.